ದಖ್ಖಣದ ಎರೆನೆಲ: ಅದರ ಕಲ್ಲು, ಮಳೆ ಮತ್ತು ಮಣ್ಣು

ಭೀಮಾ ಮತ್ತು ಕೃಷ್ಣಾ ನದಿಗಳ ನಡುವಣ ಎರೆಸೀಮೆಯಲ್ಲಿ ಹೊಸದಾಗಿ ತೋಡಿದ ಬಾವಿಯ ಅಂಚಿನಲ್ಲಿ ನಿಂತು ಒಳಗೆ ನೋಡಿದವರಿಗೆ ಆ ನೆಲದ ಚರಿತ್ರೆಯು ಒಂದರ ಕೆಳಗೊಂದು ಪದರಗಳಾಗಿ ಕಾಣುವುದು. ಎಲ್ಲಕ್ಕೂ ಮೇಲೆ ಎರಡು ಮೂರು ಮೊಳ ಕಪ್ಪು ಮಣ್ಣು. ಅದರ ಕೆಳಗೆ ಬಿಳಿಯ ಸುಣ್ಣದ ಹರಳುಗಳು ಬೆರೆತ ಮಣ್ಣು. ಬಳಿಕ ಬೂದುಹಳದಿ ಬಣ್ಣದ ಗರಸು. ಕೊನೆಗೆ ಹಾರೆಗೆ ಮಣಿಯದ ಕರಿಗಲ್ಲು. ಬೆಳೆಯು ಬದುಕುವುದು ಮೇಲಿನ ಎರಡು ಪದರಗಳಲ್ಲಿ ಮಾತ್ರ. ಕೆಳಗಿನ ಕಲ್ಲಿನ ಗಾತ್ರಕ್ಕೆ ಹೋಲಿಸಿದರೆ ಇವು ಗ್ರಂಥದ ಮೇಲಿನ ಧೂಳಿನಷ್ಟು ತೆಳುವಾದವು. ಆ ತೆಳುವಾದ ಹೊದಿಕೆಯು ಎಲ್ಲಿಂದ ಬಂದಿತು, ಹೇಗೆ ಮಳೆಯನ್ನು ಹಿಡಿದಿಡುವುದು, ಹೇಗೆ ಕಳೆದುಹೋಗುವುದು ಎಂಬುದನ್ನು ತಿಳಿಸುವುದೇ ಈ ಪತ್ರಿಕೆಯ ಉದ್ದೇಶ.

೧. ಕಲ್ಲಿನ ಹುಟ್ಟು

ಈ ಕರಿಗಲ್ಲಿಗೆ ಶಾಸ್ತ್ರದಲ್ಲಿ ಬಸಾಲ್ಟ್ ಎಂದು ಹೆಸರು. ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ಭೂಗರ್ಭದಿಂದ ಕರಗಿದ ಶಿಲಾರಸವು ಉಕ್ಕಿ ಬಂದು ಭಾರತದ ಪಶ್ಚಿಮ ಮತ್ತು ಮಧ್ಯಭಾಗಗಳನ್ನು ಮುಚ್ಚಿತು. ಜ್ವಾಲಾಮುಖಿ ಎಂದೊಡನೆ ಶಂಕುವಿನ ಆಕಾರದ ಬೆಟ್ಟವೂ ಅದರ ತುದಿಯ ಹೊಗೆಯೂ ಮನಸ್ಸಿಗೆ ಬರುವುದು ಸಹಜ. ದಖ್ಖಣದಲ್ಲಿ ನಡೆದುದು ಬಹುಮಟ್ಟಿಗೆ ಬೇರೆ ಬಗೆಯದು. ನೆಲವು ಉದ್ದುದ್ದಕ್ಕೆ ಬಿರಿದು, ಆ ಬಿರುಕುಗಳಿಂದ ಶಿಲಾರಸವು ತುಂಬಿದ ಕೆರೆಯ ನೀರು ಕೋಡಿ ಬಿದ್ದಂತೆ ಹೊರಚೆಲ್ಲಿ ದೂರದೂರಕ್ಕೆ ಹರಿದು ಹೆಪ್ಪುಗಟ್ಟಿತು. ಒಂದು ಪ್ರವಾಹವು ತಣಿದ ಮೇಲೆ ಮತ್ತೊಂದು ಅದರ ಮೇಲೆ ಹರಿಯಿತು. ಹೀಗೆ ಪದರದ ಮೇಲೆ ಪದರವಾಗಿ ಬೆಳೆದ ಕಲ್ಲಿನ ರಾಶಿಯು ಸಹ್ಯಾದ್ರಿಯ ಭಾಗದಲ್ಲಿ ಎರಡು ಕಿಲೋಮೀಟರಿಗೂ ಮಿಕ್ಕಿ ದಪ್ಪವಾಗಿದೆ. ದಕ್ಷಿಣಕ್ಕೂ ಪೂರ್ವಕ್ಕೂ ಬರಬರುತ್ತ ತೆಳುವಾಗುತ್ತದೆ. ಈಗ ಉಳಿದಿರುವ ಇದರ ವಿಸ್ತಾರವು ಸುಮಾರು ೫ ಲಕ್ಷ ಚದರ ಕಿಲೋಮೀಟರು. ಇದರ ಹೆಚ್ಚಿನ ಭಾಗವು ಮಹಾರಾಷ್ಟ್ರದಲ್ಲಿದೆ. ಕರ್ನಾಟಕದಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಜಿಲ್ಲೆಗಳಲ್ಲಿ ಇದರ ದಕ್ಷಿಣದ ಅಂಚು ಹರಡಿದೆ. ಅಲ್ಲಿಂದ ಮುಂದೆ ಕಲಾದಗಿಯ ಮರಳುಗಲ್ಲು, ಭೀಮಾತೀರದ ಸುಣ್ಣಗಲ್ಲು ಮತ್ತು ಅತಿ ಪುರಾತನವಾದ ಬೆಣಚುಶಿಲೆಗಳು ಮೊದಲಾಗುವುವು. ಈ ದಕ್ಷಿಣ ಸೀಮೆಯ ಶಿಲೆಗಳನ್ನು ಕುರಿತು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಶಾಸ್ತ್ರಜ್ಞನು ಮಾಡಿದ ಸಮೀಕ್ಷೆಯು ೧೮೭೬ರಲ್ಲಿ ಪ್ರಕಟವಾಯಿತು.

ಶಾಸ್ತ್ರಜ್ಞರು ಈ ಶಿಲಾಸಮೂಹವನ್ನು ದಖ್ಖಣ ಟ್ರ್ಯಾಪ್ ಎಂದು ಕರೆಯುವರು. ಟ್ರ್ಯಾಪ್ ಎಂಬುದು ಮೆಟ್ಟಿಲು ಎಂಬರ್ಥದ ಸ್ವೀಡನ್ ದೇಶದ ಮಾತಿನಿಂದ ಬಂದುದು. ಗಟ್ಟಿಯಾದ ಪದರವು ಕಡಿದಾದ ಗೋಡೆಯಾಗಿಯೂ ಮೆದುವಾದ ಪದರವು ಇಳಿಜಾರಾಗಿಯೂ ಸವೆಯುವುದರಿಂದ ಇಲ್ಲಿಯ ಗುಡ್ಡಗಳು ದೂರದಿಂದ ಮೆಟ್ಟಿಲು ಕಟ್ಟಿದಂತೆ ತೋರುತ್ತವೆ. ಅವುಗಳ ನೆತ್ತಿಯು ಚಪ್ಪಟೆಯಾಗಿರುತ್ತದೆ. ಎರಡು ಪ್ರವಾಹಗಳ ನಡುವೆ ಹಲವೆಡೆ ಕೆಮ್ಮಣ್ಣಿನ ತೆಳುವಾದ ಪಟ್ಟಿಯಿರುವುದುಂಟು. ಒಂದು ಪ್ರವಾಹವು ತಣಿದು, ಅದರ ಮೇಲ್ಮೈ ಗಾಳಿಮಳೆಗೆ ಸಿಕ್ಕಿ ಮಣ್ಣಾಗತೊಡಗಿದ ಬಳಿಕವೇ ಮುಂದಿನದು ಬಂದಿತೆಂಬುದಕ್ಕೆ ಇದು ಸಾಕ್ಷಿ. ಇಂಥ ಸಂದುಗಳಲ್ಲಿ ಕೆಲವೆಡೆ ಸಿಹಿನೀರಿನ ಬಸವನಹುಳುಗಳ ಚಿಪ್ಪುಗಳೂ ಗಿಡಮರಗಳ ಅವಶೇಷಗಳೂ ಕಲ್ಲಾಗಿ ದೊರೆತಿವೆ. ಬೆಂಕಿಯ ಹೊಳೆಗಳ ನಡುವಣ ಬಿಡುವಿನಲ್ಲಿ ಇಲ್ಲಿ ಕೆರೆಗಳಿದ್ದುವು, ಹಸುರಿತ್ತು ಎಂಬುದು ಇದರಿಂದ ತಿಳಿಯತಕ್ಕ ವಿಷಯ.

ವಿಜಯಪುರದ ಗೋಲಗುಮ್ಮಟವನ್ನು ಕಟ್ಟಿದುದು ಈ ಕರಿಗಲ್ಲಿನಿಂದಲೇ. ಅಜಂತಾ ಎಲ್ಲೋರಗಳ ಗುಹೆಗಳನ್ನು ಕೊರೆದುದೂ ಇದರಲ್ಲಿಯೇ. ಶಿಲ್ಪಿಗೆ ಇಷ್ಟು ಗಟ್ಟಿಯಾಗಿ ತೋರುವ ಕಲ್ಲು ಮಳೆಗೂ ಬಿಸಿಲಿಗೂ ಕಾಲಕ್ಕೂ ಮಾತ್ರ ಮಣಿಯುತ್ತದೆ.

೨. ಕಲ್ಲಿನೊಳಗಿನ ನೀರು

ಮರಳುಗಲ್ಲಿನಲ್ಲಿ ನೀರು ಕಣಗಳ ನಡುವೆ ಎಲ್ಲೆಡೆಯೂ ತುಂಬಿಕೊಳ್ಳಬಲ್ಲುದು. ಬಸಾಲ್ಟಿನಲ್ಲಿ ಹಾಗಲ್ಲ. ಪ್ರತಿ ಪ್ರವಾಹದ ನಡುಭಾಗವು ಒತ್ತಾಗಿ ನೀರನ್ನು ಒಳಬಿಡದೆ ಇರುತ್ತದೆ. ಶಿಲಾರಸವು ತಣಿಯುವಾಗ ಅದರೊಳಗಿನ ಅನಿಲಗಳು ಮೇಲಕ್ಕೇಳುವುದರಿಂದ ಪ್ರವಾಹದ ಮೇಲ್ಭಾಗವು ಗೂಡುಗೂಡಾಗಿರುತ್ತದೆ. ಆ ಗೂಡುಗಳಲ್ಲಿ ಅನಂತರ ಬೆಳೆದ ಬಿಳಿಯ ಹರಳುಗಳನ್ನು ಬಾವಿ ತೋಡುವವರು ನೋಡಿರುವರು. ಈ ಗೂಡುಗಲ್ಲು, ತಣಿಯುವಾಗ ಬಿದ್ದ ಸೀಳುಗಳು, ಕಲ್ಲು ಕೊಳೆತಾದ ಗರಸು, ಇವುಗಳಲ್ಲಿ ಮಾತ್ರ ನೀರು ನಿಲ್ಲುವುದು. ಆದಕಾರಣವೇ ಒಂದೇ ಹೊಲದಲ್ಲಿ ನೂರು ಮಾರು ಅಂತರದಲ್ಲಿ ತೋಡಿದ ಎರಡು ಬಾವಿಗಳಲ್ಲಿ ಒಂದು ತುಂಬಿ ಮತ್ತೊಂದು ಒಣಗಿರುವುದುಂಟು. ಇದು ಅದೃಷ್ಟದ ಮಾತಲ್ಲ, ಶಿಲೆಯ ರಚನೆಯ ಫಲ. ಆಳಕ್ಕೆ ಹೋದಷ್ಟೂ ನೀರು ಹೆಚ್ಚುವುದೆಂಬ ನಂಬಿಕೆಯೂ ಇಲ್ಲಿ ಸರಿಹೊಂದುವುದಿಲ್ಲ. ಸೀಳುಗಳು ಮುಗಿದಲ್ಲಿ ನೀರೂ ಮುಗಿಯಿತೆಂದು ತಿಳಿಯತಕ್ಕದ್ದು.

ಬೀದರದ ಪ್ರಸ್ಥಭೂಮಿಯಲ್ಲಿ ಬಸಾಲ್ಟಿನ ಮೇಲೆ ಕೆಂಪಾದ ಜಂಬಿಟ್ಟಿಗೆಯ ಹೊದಿಕೆಯಿದೆ. ಮಳೆಯ ನೀರು ಜಂಬಿಟ್ಟಿಗೆಯ ಮೂಲಕ ಸುಲಭವಾಗಿ ಇಳಿದು, ಕೆಳಗಿನ ಒತ್ತುಗಲ್ಲು ತಡೆದಲ್ಲಿ ಅಡ್ಡಲಾಗಿ ಹರಿಯುವುದು. ಬಹಮನೀ ಸುಲ್ತಾನರ ಕಾಲದಲ್ಲಿ ಇದನ್ನರಿತ ಕುಶಲಿಗಳು ಆ ಸಂದನ್ನು ಹಿಡಿದು ನೆಲದೊಳಗೆ ಸುರಂಗ ಕಾಲುವೆಗಳನ್ನು ಕೊರೆದು, ನಡುನಡುವೆ ಗಾಳಿಬಾವಿಗಳನ್ನಿಟ್ಟು, ಏತವಿಲ್ಲದೆಯೇ ನೀರನ್ನು ಹೊರತಂದರು. ನೌಬಾದಿನ ಬಳಿಯ ಕರೇಜು ಅಂಥದೊಂದು. ಕಲ್ಲಿನ ಗುಣವನ್ನರಿತು ಮಾಡಿದ ಕೆಲಸವು ಬಹುಕಾಲ ನಿಲ್ಲುವುದೆಂಬುದಕ್ಕೆ ಅದು ಉತ್ತಮ ನಿದರ್ಶನ.

೩. ಮಳೆ ಮತ್ತು ಹವೆ

ಕೃಷ್ಣಾನದಿಯು ಮಹಾಬಳೇಶ್ವರದಲ್ಲಿ ಹುಟ್ಟುವುದು. ಅರಬ್ಬೀ ಸಮುದ್ರವು ಅಲ್ಲಿಂದ ಪಶ್ಚಿಮಕ್ಕೆ ಸುಮಾರು ೬೫ ಕಿಲೋಮೀಟರು ಮಾತ್ರ. ಆದರೂ ನದಿಯು ಪೂರ್ವಕ್ಕೆ ತಿರುಗಿ, ದಖ್ಖಣವನ್ನೆಲ್ಲ ದಾಟಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಪ್ರಸ್ಥಭೂಮಿಯ ಪಶ್ಚಿಮದ ಅಂಚು ಎತ್ತರವಾಗಿ, ಉಳಿದುದು ಪೂರ್ವಕ್ಕೆ ಇಳಿಜಾರಾಗಿರುವುದೇ ಇದಕ್ಕೆ ಕಾರಣ. ಈ ಎತ್ತರದ ಅಂಚೇ ಮಳೆಯನ್ನೂ ಹಂಚುತ್ತದೆ. ನೈಋತ್ಯದಿಂದ ಬರುವ ಮೋಡಗಳು ಸಹ್ಯಾದ್ರಿಯನ್ನು ಏರುವಾಗ ತಣಿದು ನೀರನ್ನು ಸುರಿಸುವುವು. ಮಹಾಬಳೇಶ್ವರದಲ್ಲಿ ವರ್ಷಕ್ಕೆ ೫,೫೦೦ ಮಿಲಿಮೀಟರಿಗೂ ಮೀರಿ, ಎಂದರೆ ಸುಮಾರು ೨೨೦ ಅಂಗುಲ ಮಳೆ ಬೀಳುತ್ತದೆ. ಘಟ್ಟವನ್ನಿಳಿದು ಪೂರ್ವಕ್ಕೆ ಬಂದ ಗಾಳಿಯು ಬೆಚ್ಚಗಾಗಿ ಒಣಗುತ್ತದೆ. ಬೆಟ್ಟದ ಬುಡದ ವಾಯಿಯಲ್ಲಿ ಮಳೆಯು ಅದರ ಆರನೆಯ ಒಂದು ಪಾಲಿಗೂ ಕಡಿಮೆ. ವಿಜಯಪುರಕ್ಕೆ ಬರುವ ವೇಳೆಗೆ ವರ್ಷದ ಮಳೆಯು ಸುಮಾರು ೬೦೦ ಮಿಲಿಮೀಟರಿಗೆ, ಎಂದರೆ ೨೪ ಅಂಗುಲಕ್ಕೆ ಇಳಿದಿರುತ್ತದೆ.

ಮೊತ್ತಕ್ಕಿಂತಲೂ ಮುಖ್ಯವಾದುದು ಮಳೆಯ ವೇಳೆ. ವಿಜಯಪುರದ ಸೀಮೆಯಲ್ಲಿ ಜೂನ್, ಜುಲೈ ತಿಂಗಳುಗಳ ಮಳೆಯು ನಂಬತಕ್ಕದ್ದಲ್ಲ. ಎಲ್ಲಕ್ಕೂ ಹೆಚ್ಚಾಗಿ ಬೀಳುವುದು ಸೆಪ್ಟೆಂಬರಿನಲ್ಲಿ. ಅದೂ ಸಮನಾಗಿ ಬೀಳದೆ, ಕೆಲವೇ ಗಂಟೆಗಳ ಬಿರುಮಳೆಯಾಗಿ ಬೀಳುವುದುಂಟು. ಅಕ್ಟೋಬರ್ ಕಳೆದ ಮೇಲೆ ಫಾಲ್ಗುಣದವರೆಗೂ ಮಳೆಯು ಅಪರೂಪ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣವು ೪೦ ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟುವುದು ಸಾಮಾನ್ಯ. ಇಂಥ ಹವೆಯಲ್ಲಿ ಸೆಪ್ಟೆಂಬರಿನ ಮಳೆಯನ್ನು ಫೆಬ್ರವರಿಯ ತೆನೆಗೆ ಮುಟ್ಟಿಸುವವರಾರು? ಕೆರೆಯಲ್ಲ, ಕಾಲುವೆಯಲ್ಲ, ಮಣ್ಣು. ೧೮೭೬-೭೮ರ ಮಹಾಕ್ಷಾಮವು ಈ ಸೀಮೆಯನ್ನು ಹಾಳುಗೆಡವಿದಾಗ ಮಣ್ಣಿಗೆ ಕೂಡಿಡಲು ಮಳೆಯೇ ಇರಲಿಲ್ಲ. ಆದರೆ ಮಳೆ ಬಂದ ವರ್ಷದಲ್ಲಿಯೂ ಕೂಡಿಡುವ ಮಣ್ಣಿಲ್ಲದೆ ಹೋದರೆ, ಆ ಹೊಲಕ್ಕೆ ಪ್ರತಿ ವರ್ಷವೂ ಬರವೇ ಸರಿ.

೪. ಎರೆಮಣ್ಣು ಮತ್ತು ಅದರ ಜಮಾಖರ್ಚು

ಬಸಾಲ್ಟಿನಲ್ಲಿ ಕಬ್ಬಿಣ, ಸುಣ್ಣ ಮತ್ತು ಮೆಗ್ನೀಸಿಯಂ ಹೇರಳವಾಗಿವೆ. ಅರೆಶುಷ್ಕ ಹವೆಯಲ್ಲಿ ಅದು ಕೊಳೆತಾಗ ಉಂಟಾಗುವ ಜೇಡಿಯು ನೀರನ್ನು ಹೀರಿ ಉಬ್ಬಿ, ಒಣಗಿದಾಗ ಕುಗ್ಗುವ ಜಾತಿಯದು. ಎರೆಮಣ್ಣಿನಲ್ಲಿ ಅರ್ಧದಷ್ಟು, ಕೆಲವೆಡೆ ಅದಕ್ಕೂ ಹೆಚ್ಚು, ಇಂಥ ಜೇಡಿಯೇ ಇರುವುದು. ಬೇಸಿಗೆಯಲ್ಲಿ ಹೊಲವು ಕೈ ತೂರುವಷ್ಟು ಅಗಲವಾಗಿ ಬಿರಿಯುವುದೂ, ಮೊದಲ ಮಳೆಗೆ ಮೇಲಿನ ಹುಡಿಮಣ್ಣು ಬಿರುಕಿನೊಳಗೆ ಬಿದ್ದು ತಳದ ಮಣ್ಣಿನೊಡನೆ ಬೆರೆಯುವುದೂ ಇದರಿಂದಲೇ. ಈ ಮಣ್ಣು ತನ್ನನ್ನು ತಾನೇ ಉಳುತ್ತದೆಂದು ಹೇಳುವುದು ಇದೇ ಕಾರಣದಿಂದ.

ಕಪ್ಪು ಬಣ್ಣವನ್ನು ಕಂಡು ಮಣ್ಣಿನಲ್ಲಿ ಗೊಬ್ಬರದ ಅಂಶವು ತುಂಬಿದೆಯೆಂದು ಎಣಿಸುವುದು ತಪ್ಪು. ಕೊಳೆತ ಸಸ್ಯಾಂಶವು ಸ್ವಲ್ಪವೇ ಇದ್ದರೂ ಜೇಡಿಯೊಡನೆ ಬಿಗಿಯಾಗಿ ಬೆರೆತಿರುವುದರಿಂದ ಮಣ್ಣು ಕಪ್ಪಾಗಿ ತೋರುತ್ತದೆ. ಸುಣ್ಣವೂ ಪೊಟ್ಯಾಷೂ ಸಾಕಷ್ಟಿರುತ್ತವೆ, ಸಾರಜನಕವು ಕಡಿಮೆ, ರಂಜಕವೂ ಬೆಳೆಗೆ ಸುಲಭವಾಗಿ ದೊರೆಯದು. ಆದಕಾರಣ ಕೊಟ್ಟಿಗೆಯ ಗೊಬ್ಬರವನ್ನು ಉರುವಲಾಗಿ ಸುಡುವ ರೈತನು ಮಣ್ಣಿನ ಮೊದಲ ಕೊರತೆಯನ್ನೇ ಹೆಚ್ಚಿಸಿದಂತಾಯಿತು. ರಾಯಚೂರು, ಬಳ್ಳಾರಿಗಳ ಕಡೆಯಲ್ಲಿ ಬೇರೆ ಶಿಲೆಗಳಿಂದಲೂ ಕಪ್ಪು ಮಣ್ಣು ಹುಟ್ಟಿದೆ. ಆದರೆ ಕಲ್ಲಿಗೂ ಮಣ್ಣಿಗೂ ಇರುವ ಸಂಬಂಧವು ಟ್ರ್ಯಾಪ್ ಸೀಮೆಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದಿಲ್ಲ.

ಮಣ್ಣಿನ ಆಳವು ಎಲ್ಲೆಡೆಯೂ ಒಂದೇ ಅಲ್ಲ. ದಿಬ್ಬದ ನೆತ್ತಿಯ ಮಡ್ಡಿಯಲ್ಲಿ ಗರಸಿನ ಮೇಲೆ ಗೇಣುದ್ದ ಮಣ್ಣೂ ಇರದು. ಇಳಿಜಾರಿನ ನಡುವೆ ಒಂದೆರಡು ಅಡಿ. ಹಳ್ಳದ ಬಳಿಯ ತಗ್ಗಿನಲ್ಲಿ ಆಳಾಳವಾದ ಎರೆ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ವಿಜಯಪುರದ ಕಡೆಯ ಮಾತು ಇಂಥ ಆಳವಾದ ಎರೆಯ ಕಣಿವೆಯನ್ನು ಕುರಿತುದು.

ಆಳದ ಬೆಲೆಯನ್ನು ಲೆಕ್ಕದಿಂದಲೇ ನೋಡಬಹುದು. ಒಂದು ಮೀಟರು ಆಳದ ಒಳ್ಳೆಯ ಎರೆಮಣ್ಣು ಬೆಳೆಗೆ ಒದಗುವ ನೀರನ್ನು ಸುಮಾರು ೨೦೦ ಮಿಲಿಮೀಟರಿನಷ್ಟು ಹಿಡಿಯಬಲ್ಲುದು. ಒಂದು ಅಡಿಯ, ಎಂದರೆ ೩೦ ಸೆಂಟಿಮೀಟರಿನ ಮಣ್ಣು ಹಿಡಿಯುವುದು ೬೦ ಮಿಲಿಮೀಟರು. ಬೆಳೆಯು ದಿನಕ್ಕೆ ೩ ಮಿಲಿಮೀಟರು ನೀರನ್ನು ವೆಚ್ಚಮಾಡುವುದೆಂದು ಎಣಿಸಿದರೆ, ಮೊದಲನೆಯದು ೬೬ ದಿನಗಳಿಗೂ ಎರಡನೆಯದು ೨೦ ದಿನಗಳಿಗೂ ಸಾಲುವುದು. ಎಳೆಯ ಪೈರಿನ ವೆಚ್ಚವು ಇನ್ನೂ ಕಡಿಮೆಯಾದುದರಿಂದ ಆಳವಾದ ಎರೆಯಲ್ಲಿ ಬಿಳಿಜೋಳವು ಮಳೆಯಿಲ್ಲದೆಯೇ ತೆನೆ ಹಿಡಿಯುವುದು; ಅಡಿಯಷ್ಟು ಮಣ್ಣಿನಲ್ಲಿ ಅದೇ ಬೀಜ, ಅದೇ ಎತ್ತು, ಅದೇ ದುಡಿಮೆ ಇದ್ದರೂ ಗರಿ ಸುತ್ತಿ ಒಣಗುವುದು.

೫. ಈ ನೆಲದ ಗಿಡಮರಗಳು ಮತ್ತು ಪ್ರಾಣಿಗಳು

ಶಿಲೆಯು ಒಂದೇ ಆದರೂ ಮಳೆ ಮತ್ತು ಮಣ್ಣಿನ ಆಳ ಬದಲಾದಂತೆ ಜೀವಕೋಟಿಯೂ ಬದಲಾಗುವುದು. ಮಹಾಬಳೇಶ್ವರದ ನೆತ್ತಿಯಲ್ಲಿ ನಿತ್ಯಹರಿದ್ವರ್ಣದ ಕಾಡಿದೆ. ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿಯಲ್ಲಿ ಮಳೆ ಹೇರಳವಾಗಿದ್ದರೂ ಮಣ್ಣು ಅಂಗುಲಗಳಷ್ಟೇ ಇರುವುದರಿಂದ ಅಲ್ಲಿ ಮರಗಳಿಲ್ಲ; ಮಳೆಗಾಲದ ಕೊನೆಯಲ್ಲಿ ನೆಲವೆಲ್ಲ ಹೂವಾಗಿ, ಕೆಲವೇ ವಾರಗಳಲ್ಲಿ ಒಣಗುತ್ತದೆ. ೨೦೧೨ರಲ್ಲಿ ಪಶ್ಚಿಮ ಘಟ್ಟಗಳ ಇತರ ಸ್ಥಳಗಳೊಡನೆ ಇದನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಲಾಯಿತು. ಮಣ್ಣಿಲ್ಲದೆಡೆ ಅತಿ ಮಳೆಯೂ ಬಹುಕಾಲದ ಹಸುರನ್ನು ಕೊಡಲಾರದೆಂಬುದು ಈ ಸ್ಥಳದಿಂದ ಕಲಿಯತಕ್ಕ ಪಾಠ.

ಪೂರ್ವದ ಬಯಲುಸೀಮೆಯಲ್ಲಿ ಸ್ವಾಭಾವಿಕವಾಗಿ ಬೆಳೆಯುವುದು ಹುಲ್ಲು, ಮುಳ್ಳುಗಿಡ, ಜಾಲಿ ಮತ್ತು ಬೇವು. ಉಬ್ಬಿ ಕುಗ್ಗುವ ಮಣ್ಣು ಎಳೆಯ ಬೇರುಗಳನ್ನು ಹರಿದುಹಾಕುವುದರಿಂದ ಆಳವಾದ ಎರೆಯಲ್ಲಿ ಮರಗಳು ವಿರಳ. ಮಡ್ಡಿಯ ಹುಲ್ಲುಗಾವಲುಗಳು ಕೃಷ್ಣಮೃಗಕ್ಕೂ ತೋಳಕ್ಕೂ ಎರೆಭೂತವೆಂಬ ದೊಡ್ಡ ನೆಲಹಕ್ಕಿಗೂ ನೆಲೆಯಾಗಿದ್ದುವು. ಆ ಹಕ್ಕಿಗಾಗಿ ಸೊಲ್ಲಾಪುರದ ಬಳಿ ನಾನ್ನಜದಲ್ಲಿ ೧೯೭೯ರಲ್ಲಿ ಅಭಯಾರಣ್ಯವನ್ನು ಏರ್ಪಡಿಸಲಾಯಿತು. ಆದರೂ ಅದು ಇಂದು ದಖ್ಖಣದಲ್ಲಿ ಅತ್ಯಂತ ಅಪರೂಪವಾಗಿದೆ. ಮಡ್ಡಿಯು ಬೀಳುನೆಲವೆಂದು ಎಣಿಸಿ ಅದನ್ನು ಮೇಯಿಸಿ ಬರಿದುಮಾಡುವುದರಿಂದ ಹಕ್ಕಿಗೆ ಮಾತ್ರವೇ ನಷ್ಟವಲ್ಲ. ಮೇಲಿನ ಮಡ್ಡಿಯ ಹುಲ್ಲು ಹೋದರೆ ಮಳೆನೀರು ತಡೆಯಿಲ್ಲದೆ ಕೆಳಗಿನ ಎರೆಯ ಮೇಲೆ ನುಗ್ಗುವುದು.

೬. ಮಣ್ಣಿನ ನಷ್ಟ ಮತ್ತು ಅದರ ತಡೆ

ಹಿಂಗಾರಿಯ ಬೇಸಾಯದಲ್ಲಿ ಒಂದು ದೊಡ್ಡ ತೊಡಕುಂಟು. ಬಿತ್ತನೆಯು ಸೆಪ್ಟೆಂಬರಿನ ಮಧ್ಯದ ಬಳಿಕ ನಡೆಯುವುದರಿಂದ ಮಳೆಗಾಲದಲ್ಲಿ ಹೊಲವು ಬರಿದಾಗಿರುತ್ತದೆ. ಒಣಮಣ್ಣಿನ ಬಿರುಕುಗಳು ಮೊದಲು ನೀರನ್ನು ಕುಡಿಯುವುವು. ಆದರೆ ಮಣ್ಣು ನೆನೆದು ಉಬ್ಬಿ ಬಿರುಕುಗಳು ಮುಚ್ಚಿದ ಮೇಲೆ ನೀರು ಬಹಳ ನಿಧಾನವಾಗಿ ಇಳಿಯುವುದು. ಆಗ ಬಿದ್ದ ಬಿರುಮಳೆಯು ನಸು ಇಳಿಜಾರಿನಲ್ಲಿಯೂ ಮಣ್ಣನ್ನು ಹೊತ್ತುಕೊಂಡು ಹಳ್ಳಕ್ಕೆ ಇಳಿಯುವುದು.

ಒಂದು ಎಕರೆಯ ಮೇಲಿಂದ ಒಂದು ಮಿಲಿಮೀಟರು ಮಣ್ಣು ಹೋದರೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದರ ತೂಕ ಸುಮಾರು ೫ ಟನ್ನು. ಅರ್ಧ ಟನ್ನು ಹೇರುವ ಬಂಡಿಯಲ್ಲಿ ಹತ್ತು ಬಂಡಿ. ನೆರೆಯವನು ಹೊಲದಿಂದ ಹತ್ತು ಬಂಡಿ ಮಣ್ಣನ್ನು ಒಯ್ದರೆ ಸುಮ್ಮನಿರುವ ರೈತನಿಲ್ಲ. ಹಳ್ಳವು ಒಯ್ದರೆ ಮಾತ್ರ ಮಳೆ ಚೆನ್ನಾಯಿತೆಂದು ಸಂತೋಷಪಡುವುದುಂಟು. ಕಳೆದ ಪ್ರತಿ ಸೆಂಟಿಮೀಟರು ಮಣ್ಣಿನೊಡನೆ ೨ ಮಿಲಿಮೀಟರು ನೀರಿನ ಜಾಗವೂ ಶಾಶ್ವತವಾಗಿ ಹೋಗುವುದು. ಗೊಬ್ಬರವನ್ನು ಮತ್ತೆ ಹಾಕಬಹುದು, ಬೀಜವನ್ನು ಬದಲಾಯಿಸಬಹುದು. ಕಲ್ಲು ಮಣ್ಣಾಗಲು ಬೇಕಾಗುವ ಸಾವಿರಾರು ವರ್ಷಗಳನ್ನು ಯಾವ ಇಲಾಖೆಯೂ ಒದಗಿಸಲಾರದು.

ಈ ವಿಷಯದ ಪರಿಶೀಲನೆಯು ೧೯೨೩ರಲ್ಲಿ ಪುಣೆಯ ಬಳಿಯ ಮಾಂಜರಿಯಲ್ಲಿ ಮೊದಲಾಯಿತು. ಅನಂತರ ೧೯೩೩ರಿಂದೀಚೆಗೆ ಸೊಲ್ಲಾಪುರ, ಬಿಜಾಪುರ, ರಾಯಚೂರು, ಹಗರಿ ಮತ್ತು ರೋಹತಕಗಳಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರಗಳು ಏರ್ಪಟ್ಟುವು. ೧೯೪೨ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಭೂಸುಧಾರಣಾ ಯೋಜನೆಗಳ ಕಾನೂನು ಬಂದಿತು. ಒಡ್ಡುಗಳನ್ನು ಹಾಕಿಸುವ ಕಾರ್ಯಕ್ಕೆ ಇದು ಬುನಾದಿಯಾಯಿತು. ಈ ಅನುಭವದಿಂದ ದೊರೆತ ಮುಖ್ಯ ವಿಧಿಗಳಾವುವೆಂದರೆ:

(ಅ) ಉಳುವುದು, ಹರಗುವುದು, ಬಿತ್ತುವುದು, ಇವೆಲ್ಲವೂ ಇಳಿಜಾರಿಗೆ ಅಡ್ಡಲಾಗಿಯೇ ಆಗತಕ್ಕದ್ದು. ಪ್ರತಿ ಸಾಲೂ ಒಂದು ಸಣ್ಣ ಒಡ್ಡಿನ ಕೆಲಸ ಮಾಡುವುದು.

(ಆ) ಮಳೆಗಾಲದಲ್ಲಿ ಹೊಲವನ್ನು ಕುಂಟೆಯಿಂದ ಹರಗುತ್ತ ಕಳೆಯನ್ನು ತೆಗೆಯಬೇಕು. ಹೊಲದಲ್ಲಿ ಚೌಕುಮಡಿಗಳನ್ನು ಮಾಡಿದರೆ ಬಿದ್ದ ನೀರು ಬಿದ್ದಲ್ಲಿಯೇ ಇಂಗುವುದು. ಬಿತ್ತನೆಗೆ ಮೊದಲು ಅವನ್ನು ಒಡೆದು ನೆಲವನ್ನು ಸಮಮಾಡಬಹುದು.

(ಇ) ತೆಳು ಮತ್ತು ನಡುತರದ ಮಣ್ಣಿಗೆ ಸಮಪಾತಳಿಯ ಒಡ್ಡು ಹಿತಕರ. ಆಳವಾದ ಎರೆಯಲ್ಲಿ ಒಡ್ಡೇ ಬೇಸಿಗೆಯಲ್ಲಿ ಬಿರಿದು ಮಳೆಗೆ ಒಡೆಯುವುದು. ಒಡೆಯದಿದ್ದರೆ ಅದರ ಹಿಂದೆ ನೀರು ನಿಂತು ಬೆಳೆ ಕೆಡುವುದು. ಅಲ್ಲಿ ಮೆಲ್ಲನೆ ಇಳಿಜಾರಿಟ್ಟ ಒಡ್ಡನ್ನೂ ಕಲ್ಲುಕಟ್ಟಿದ ಕೋಡಿಯನ್ನೂ ಮಾಡತಕ್ಕದ್ದು. ಒಡೆದ ಒಡ್ಡು ಒಡ್ಡಿಲ್ಲದುದಕ್ಕಿಂತ ಹೆಚ್ಚಿನ ಕೇಡನ್ನುಂಟುಮಾಡುವುದು.

(ಈ) ಬೆಳೆ ನಿಂತ ಮೇಲೆ ಎಡೆಕುಂಟೆಯನ್ನು ಆಗಾಗ್ಗೆ ಹೊಡೆದು ಬಿರುಕುಗಳನ್ನು ಮುಚ್ಚಬೇಕು. ಬಿರುಕು ತೆರೆದಿದ್ದರೆ ಒಳಗಿನ ತೇವವು ಅದರ ಗೋಡೆಗಳಿಂದ ಆರಿಹೋಗುವುದು.

(ಉ) ಬೆಳೆಯನ್ನು ಮಣ್ಣಿನ ಆಳಕ್ಕೆ ತಕ್ಕಂತೆ ಆರಿಸಬೇಕು. ಆಳವಾದ ಎರೆಗೆ ಬಿಳಿಜೋಳ, ಕಡಲೆ, ಕುಸುಬೆ, ತೆಳುಮಣ್ಣಿಗೆ ಮುಂಗಾರಿಯ ಸಜ್ಜೆ ಮತ್ತು ಮಡಕಿ, ಮಡ್ಡಿಗೆ ಹುಲ್ಲು. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆರಿಸಿದ ಮಾಲದಂಡಿ ೩೫-೧ ಎಂಬ ಜೋಳವು ಹಲವು ದಶಕಗಳಿಂದ ಹಿಂಗಾರಿಗೆ ಹೆಸರಾಗಿದೆ.

ಕಾಲುವೆಯ ನೀರು ಬಂದರೆ ಈ ಎಚ್ಚರಿಕೆಗಳು ಬೇಕಿಲ್ಲವೆಂದು ಎಣಿಸಬಾರದು. ಎರೆಯಲ್ಲಿ ನೀರು ಬೇಗ ಬಸಿಯುವುದಿಲ್ಲ. ಅಳತೆಯಿಲ್ಲದೆ ಹಾಯಿಸಿದ ನೀರು ಕೆಳಗೆ ನಿಂತು, ಅಲ್ಲಿಯ ಉಪ್ಪನ್ನು ಮೇಲಕ್ಕೆ ತರುವುದು. ಮಹಾರಾಷ್ಟ್ರದ ನೀರಾ ಕಾಲುವೆಯ ಕೆಳಗೆ ಒಳ್ಳೆಯ ಹೊಲಗಳು ಸವುಳಾದುದು ಹೀಗೆಯೇ.

೭. ಪ್ರತಿಯೊಬ್ಬ ರೈತನೂ ಮಾಡಬಹುದಾದ ಪರೀಕ್ಷೆ

ಬೇಸಿಗೆಯ ಬಿಡುವಿನಲ್ಲಿ ಹೊಲದ ಮೇಲಂಚು, ನಡು ಮತ್ತು ಕೆಳಅಂಚುಗಳಲ್ಲಿ ಒಂದೊಂದು ಗುಣಿಯನ್ನು ಗರಸು ಸಿಕ್ಕುವವರೆಗೆ ತೋಡಿ, ಮಣ್ಣಿನ ಆಳವನ್ನು ಕೋಲಿನಿಂದ ಅಳೆದು ಬರೆದಿಡತಕ್ಕದ್ದು. ಬಿತ್ತನೆಗೆ ಮೊದಲು ಅದೇ ಎಡೆಯ ಹತ್ತಿರ ಮತ್ತೆ ತೋಡಿ, ತೇವವು ಎಷ್ಟು ಆಳಕ್ಕೆ ಇಳಿದಿದೆಯೆಂದು ನೋಡಬೇಕು. ಮಣ್ಣಿನ ಆಳ ಹೆಚ್ಚಾಗಿ ತೇವ ಕಡಿಮೆಯಾಗಿದ್ದರೆ ಮಳೆಯು ಕಡಿಮೆಯಾಯಿತು, ಇಲ್ಲವೆ ಹರಿದುಹೋಯಿತೆಂದು ತಿಳಿಯಬಹುದು. ಮಣ್ಣಿನ ಆಳವೇ ಕಡಿಮೆಯಾಗಿದ್ದರೆ ಅಲ್ಲಿ ಹಿಂಗಾರಿಯ ಆಸೆಯನ್ನು ಬಿಟ್ಟು ಬೇರೆ ಬೆಳೆಯನ್ನು ಹಾಕುವುದು ಲೇಸು. ಐದು ವರ್ಷಗಳ ಬಳಿಕ ಅದೇ ಅಳತೆಯನ್ನು ಮತ್ತೊಮ್ಮೆ ಮಾಡಿದರೆ, ಮೇಲಿನ ಗುಣಿಯಲ್ಲಿ ಕಳೆದುದು ಕೆಳಗಿನದರಲ್ಲಿ ನಿಂತಿದೆಯೋ ಹಳ್ಳವನ್ನು ಸೇರಿದೆಯೋ ಎಂಬುದು ಸ್ಪಷ್ಟವಾಗುವುದು.

ಕಂದಾಯದ ಪಹಣಿಯಲ್ಲಿ ಹೊಲದ ಉದ್ದಗಲದ ಲೆಕ್ಕ ಮಾತ್ರ ಇರುತ್ತದೆ. ತಂದೆಯಿಂದ ಮಗನಿಗೆ ನಾಲ್ಕು ಎಕರೆ ಬಂದಿತೆಂದು ಅದು ಹೇಳುವುದೇ ಹೊರತು, ಆ ನಾಲ್ಕು ಎಕರೆಯ ಮೇಲೆ ಎಷ್ಟು ಮಣ್ಣು ಬಂದಿತೆಂದು ಹೇಳುವುದಿಲ್ಲ. ಆ ಲೆಕ್ಕವನ್ನು ಹೊಲದ ಒಡೆಯನೇ ಇಡಬೇಕು.